ಸೀರೆ ಹೊತ್ತ ಸೈಕಲ್ಲು ಪರರಾಜ್ಯಕ್ಕೆ ಹೋದದ್ದು

ಚಳ್ಳಕೆರೆ

ಹಡಗು ಹತ್ತಿ ಬಿಲಾಯತಿಗೆ ಹೋಗಿಬಂದವರು ಪ್ರವಾಸದ ಪುಸ್ತಕ ಬರೆಯುತ್ತಾರೆ. ಅವರಿಗೆ ಸಮುದ್ರ ಬೇಕು, ಕೋಟು ಬೇಕು, ಊರಿಗೆ ಬಂದಮೇಲೆ ಪ್ರಾಯಶ್ಚಿತ್ತವೂ ಬೇಕು. ನಾನು ಅರವತ್ತೊಂದನೆಯ ವಯಸ್ಸಿನಲ್ಲಿ ಪರರಾಜ್ಯಕ್ಕೆ ಹೋದದ್ದು ಸೈಕಲ್ಲಿನ ಮೇಲೆ. ಪ್ರಾಯಶ್ಚಿತ್ತ ದಾರಿಯಲ್ಲೇ ಆಗಿಹೋಯಿತು.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಿ ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಮಹಾರಾಜರ ಸೀಮೆ ಮುಗಿದು ಇಂಗ್ಲಿಷರ ಸೀಮೆ ಶುರುವಾಗುತ್ತದೆ. ‘ಅದೂ ಒಂದು ಪರದೇಶವೇ?’ ಎಂದು ನಕ್ಕವರಿದ್ದಾರೆ. ದೊರೆ ಬೇರೆ, ಕಾಯಿದೆ ಬೇರೆ, ಮಾತು ಬೇರೆ. ಪರದೇಶವೆನ್ನಲು ಇಷ್ಟು ಸಾಲದೆ? ಅಲ್ಲಿ ನನಗೆ ಆದದ್ದನ್ನು ಓದಿದ ಮೇಲೆ ಯಾರೂ ನಗಲಾರರು. ನಕ್ಕರೂ ಆ ಕಾರಣಕ್ಕೆ ನಗಲಾರರು.

ಸೈಕಲ್ಲು ನನಗೆ ಬಂದದ್ದು ಕೆರೆ ಕೆಲಸಕ್ಕೆ ಬಂದಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರಿನಿಂದ. ಅವನಿಗೆ ಕನ್ನಡ ಕಲಿಸಿದ್ದಕ್ಕಾಗಿ, ವರ್ಗವಾಗಿ ಹೋಗುವಾಗ ಬಿಟ್ಟುಹೋದ. ನಾನು ಹೆಡ್ಮಾಸ್ತರಿಕೆಯಿಂದ ನಿವೃತ್ತನಾಗಿದ್ದೆ. ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ ಅಭ್ಯಾಸ ಮಾಡಿದೆ. ಹತ್ತುವುದು ಬಂತು, ಇಳಿಯುವುದು ಬಂತು, ಬಲಕ್ಕೆ ತಿರುಗುವುದು ಬಂತು. ಎಡಕ್ಕೆ ತಿರುಗುವುದು ಇನ್ನೂ ಪೂರ್ತಿಯಾಗಿ ಬಂದಿಲ್ಲ. ಎಡಕ್ಕೆ ಹೋಗಬೇಕಾದಾಗ ಇಳಿದು, ಸೈಕಲ್ಲನ್ನು ಆ ದಿಕ್ಕಿಗೆ ನಿಲ್ಲಿಸಿ, ಮತ್ತೆ ಹತ್ತುತ್ತೇನೆ.

ಪ್ರವಾಸಕ್ಕೂ ನಿಯಮ ಬೇಕು. ಬೆಳಗ್ಗೆ ಐದೂವರೆಗೆ ಸವಾರಿ. ಗಂಟೆಗೊಮ್ಮೆ ಐದು ನಿಮಿಷ ವಿಶ್ರಾಂತಿ. ಹನ್ನೊಂದೂವರೆಗೆ ಊಟ. ಊಟವಾದ ಮೇಲೆ ಇಪ್ಪತ್ತು ನಿಮಿಷ ಎಡಮಗ್ಗುಲಲ್ಲಿ ಮಲಗುವುದು. ಕಟ್ಟಿದ ಸಾಮಾನನ್ನು ಸೇರಬೇಕಾದ ಜಾಗ ಸೇರುವ ತನಕ ಬಿಚ್ಚಕೂಡದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮನೆಯಾಕೆಗೆ ಓದಿ ಹೇಳಿದೆ.

“ಎಲ್ಲಾ ಸರಿ ಐತೆ. ಬೀಳೋದು ಎಷ್ಟು ಗಂಟೆಗೆ ಅಂತ ಬರ್ದಿಲ್ವಲ್ಲ” ಎಂದಳು.

“ಬೀಳುವುದಿಲ್ಲ.”

“ಬಿದ್ರೆ ಎಡಕ್ಕೆ ಬೀಳ್ರಿ. ಬಲಗೈಯಾಗೆ ಕಾಗದ ಬರೀಬೇಕು, ಬಿದ್ದೆ ಅಂತ.”

ಸಿದ್ದಾಪುರದ ಬಂಡೆ

ತಳಕು ದಾಟಿದ ಮೇಲೆ ಎರೆಹೊಲ ಮುಗಿದು ಕುರುಚಲು ಕಾಡು ಬಂತು. ಜಾಲಿ, ಕಮರ, ನಡುನಡುವೆ ಸೀತಾಫಲ. ಅದರಾಚೆ ಬಂಡೆಯ ಮೇಲೆ ಬಂಡೆ ಕೂತ ಗುಡ್ಡಗಳು. ಯಾರೋ ಎತ್ತಿಟ್ಟು, ಸರಿಯಾಗಿ ಜೋಡಿಸುವ ಮೊದಲೇ ಊಟಕ್ಕೆ ಎದ್ದುಹೋದಂತೆ. ನನಗೆ ಆ ಗುಡ್ಡಗಳನ್ನು ಕಂಡರೆ ಇವತ್ತಿಗೂ ಕೈ ತುರಿಸುತ್ತದೆ.

ಸಿದ್ದಾಪುರದ ಹತ್ತಿರ ದಾರಿಗೆ ಅಡ್ಡಲಾಗಿ ಕುರಿಮಂದೆ ನಿಂತಿತ್ತು. ಇನ್ನೂರಕ್ಕೆ ಕಡಿಮೆಯಿರಲಿಲ್ಲ. ಸೈಕಲ್ಲಿನ ಗಂಟೆ ಬಾರಿಸಿದೆ. ಕುರಿಗಳು ಗೌರವದಿಂದ ಇಬ್ಭಾಗವಾಗಿ ದಾರಿ ಬಿಟ್ಟವು. ಶಾಲೆಯ ಮಕ್ಕಳೂ ಇಷ್ಟು ಬೇಗ ಸಾಲಾಗಿ ನಿಲ್ಲುತ್ತಿರಲಿಲ್ಲ ಎಂದು ಸಂತೋಷಪಟ್ಟು ಮುಂದೆ ಹೋದೆ. ಮತ್ತೊಮ್ಮೆ ಬಾರಿಸಿದೆ. ಹಿಂದೆ ದೊಡ್ಡ ಸದ್ದು. ತಿರುಗಿ ನೋಡಿದರೆ ಮಂದೆಯೆಲ್ಲ ನನ್ನ ಹಿಂದೆಯೇ ಓಡಿಬರುತ್ತಿತ್ತು. ಹೆದರಿ ಇನ್ನಷ್ಟು ಜೋರಾಗಿ ಬಾರಿಸಿದೆ. ಅವು ಇನ್ನಷ್ಟು ಜೋರಾಗಿ ಓಡಿಬಂದವು.

“ಏ ಯಜಮಾನ್ರೇ! ಗಂಟೆ ನಿಲ್ಸ್ರಿ!” ಎಂದು ಕೂಗುತ್ತ ಕಂಬಳಿ ಹೊದ್ದ ಕುರುಬ ಕರಿಯಪ್ಪ ಏದುಸಿರು ಬಿಟ್ಟುಕೊಂಡು ಬಂದ. “ನನ್ ಕುರಿ ಎಲ್ಲಿಗೆ ಹೊಡ್ಕಂಡು ಹೋಗ್ತೀರಿ?”

“ನಾನು ಬಾರಿಸಿದ್ದು ಅವು ದಾರಿ ಬಿಡಲಿ ಎಂದು.”

“ಗಂಟೆ ಕೇಳಿದ್ರೆ ಹಿಂದೆ ಬರ್ಬೇಕು ಅಂತ ನಮ್ ಕುರಿಗೆ ಕಲ್ಸಿರೋದು. ಮುಂದಿನ ಟಗರಿನ ಕೊಳ್ಳಾಗೆ ಗಂಟೆ ಕಟ್ಟಿರ್ತೀವಲ್ಲ. ನಿಮ್ಮನ್ನ ಟಗರು ಅಂತ ತಿಳ್ಕಂಡವೆ.”

ಮೂವತ್ತೈದು ವರ್ಷ ಪಾಠ ಹೇಳಿದವನನ್ನು ಯಾರೂ ಹೀಗೆ ಕರೆದಿರಲಿಲ್ಲ. ಆದರೂ ಕರಿಯಪ್ಪ ಒಳ್ಳೆಯವನು. ಅಶೋಕ ಚಕ್ರವರ್ತಿಯ ಕಾಲದ ಅಕ್ಷರ ಕೊರೆದ ಬಂಡೆಯನ್ನು ತೋರಿಸಲು ತಾನೇ ಕರೆದುಕೊಂಡು ಹೋದ. ತಾಯಿತಂದೆಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂದೆಲ್ಲ ಅದರಲ್ಲಿ ಬರೆದಿದೆಯೆಂದು ನಾನು ಓದಿ ತಿಳಿದಿದ್ದೆ. ಅದನ್ನು ಅವನಿಗೆ ವಿವರಿಸಿದೆ.

“ಅದೆಲ್ಲ ನಂಗೊತ್ತಿಲ್ಲ ಸ್ವಾಮಿ” ಎಂದ ಕರಿಯಪ್ಪ. “ಇದರ ಮ್ಯಾಲೆ ನೀರು ಹುಯ್ದು, ಆ ನೀರು ಕುರಿಗೆ ಕುಡಿಸಿದ್ರೆ ಕುರಿ ಸಾಯಲ್ಲ.”

ಎರಡು ಸಾವಿರ ವರ್ಷಕ್ಕೂ ಹಿಂದಿನ ಉಪದೇಶವನ್ನು ಇಲ್ಲಿ ಓದುವವರಿಲ್ಲ, ಕುಡಿಯುವವರಿದ್ದಾರೆ. ನಾನೂ ಒಂದು ಬೊಗಸೆ ಕುಡಿದೆ. ಎಡಕ್ಕೆ ತಿರುಗುವುದಕ್ಕೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಮೊಳಕಾಲ್ಮೂರು

ಮರುದಿನ ಮಧ್ಯಾಹ್ನ ಮೊಳಕಾಲ್ಮೂರಿನಲ್ಲಿ ನೇಕಾರ ಸಂಜೀವಪ್ಪನ ಮನೆಗೆ ಹೋದೆ. ಆ ಊರಿನಲ್ಲಿ ಹನ್ನೆರಡು ವರ್ಷ ಶಾಲೆ ನಡೆಸಿದ್ದೇನೆ. ಅವನು ಅಂದಿನಿಂದ ಗೆಳೆಯ. ಮನೆಯಲ್ಲಿ ಗಡಿಬಿಡಿ. ಅವನ ತಂಗಿಯ ಮಗಳು ಪಾರ್ವತಿಗೆ ಮರುದಿನ ಸಂಜೆ ಗೋಧೂಳಿ ಲಗ್ನದಲ್ಲಿ ಮದುವೆ. ಹುಡುಗಿ ಮಾವನ ಮನೆಯಲ್ಲೇ ಬೆಳೆದು, ನನ್ನ ಶಾಲೆಯಲ್ಲೇ ಓದಿದವಳು. ಮದುವೆ ಮಾತ್ರ ಅಪ್ಪನ ಊರಿನಲ್ಲಿ, ರಾಯದುರ್ಗದಾಚೆ, ಹಗರಿ ಹೊಳೆಯನ್ನೂ ದಾಟಿ.

ಸೋದರಮಾವ ಕೊಟ್ಟ ಸೀರೆ ಉಟ್ಟೇ ಮದುವಣಗಿತ್ತಿ ಹಸೆಗೆ ಕೂರಬೇಕು. ಮಾವ ನೇಕಾರನಾದ ಮೇಲೆ ತನ್ನ ಕೈಯಾರೆ ನೇಯದೆ ಬಿಡುತ್ತಾನೆಯೆ? ನೇಯ್ದಿದ್ದ. ಆದರೆ ಸೆರಗಿನ ನವಿಲು ಕೋಳಿಯಂತೆ ಬಂತೆಂದು ಎರಡು ಸಲ ಬಿಚ್ಚಿದ್ದ. ಹೀಗಾಗಿ ಕೆಂಪು ಸೀರೆ ಇನ್ನೂ ಮಗ್ಗದ ಮೇಲೆಯೇ ಇತ್ತು. ಚಪ್ಪರದ ಶಾಸ್ತ್ರಕ್ಕೆ ಮಾವ ಬೆಳಗ್ಗೆಯೇ ಅಲ್ಲಿರಬೇಕು. ಅವನು ಅಂದು ಸಂಜೆಯೇ ಮನೆಯವರೊಂದಿಗೆ ಗಾಡಿಯಲ್ಲಿ ಹೊರಡಬೇಕಿತ್ತು. ಉಳಿದ ಸೆರಗನ್ನು ಅವನ ತಮ್ಮ ಬೆಳಗಿನೊಳಗೆ ಮುಗಿಸಿಕೊಡುವುದಾಗಿತ್ತು.

“ಮುಗ್ಸಿದ ಮ್ಯಾಲೆ ಅವನು ನಡ್ಕಂಡು ಬರ್ಬೇಕು ಮೇಷ್ಟ್ರೇ. ಲಗ್ನಕ್ಕೆ ಮುಟ್ತಾನೋ ಇಲ್ವೋ ಅಂತ ಎದೆ ಹೊಡ್ಕಂತೈತೆ” ಎಂದ ಸಂಜೀವಪ್ಪ.

“ನಾನಿದ್ದೇನಲ್ಲ” ಎಂದೆ. “ನನ್ನ ದಾರಿಯೂ ಅದೇ. ಬೆಳಗ್ಗೆ ಆರಕ್ಕೆ ಸೀರೆ ಕೈಗೆ ಬಂದರೆ ಮಧ್ಯಾಹ್ನ ಒಂದರೊಳಗೆ ಪಾರ್ವತಿಯ ಕೈಯಲ್ಲಿರುತ್ತದೆ.”

ಸಂಜೀವಪ್ಪನ ಮುಖ ಅರಳಿತು. ಅವನ ತಾಯಿ ವೆಂಕಟವ್ವ ಮಾತ್ರ ನನ್ನನ್ನೂ ಗೋಡೆಗೆ ಒರಗಿದ್ದ ಸೈಕಲ್ಲನ್ನೂ ಒಂದೇ ತೂಕದಲ್ಲಿ ನೋಡಿ, ಮಗನಿಗೆ ಹೇಳಿದಳು: “ಎತ್ತಿನ ಗಾಡಿ ನಿಂತ್ರೆ ನಿಂತಿರ್ತೈತೆ. ಇದು ನಿಂತ್ರೆ ಬೀಳ್ತೈತೆ. ಇದರ ಮ್ಯಾಲೆ ಕೂಸಿನ ಸೀರೆ ಕಳಿಸ್ತೀಯೇನಲೇ?”

“ಅವ್ವಾ, ಮೇಷ್ಟ್ರು ಹೇಳಿದ ಟೈಮು ತಪ್ಪಲ್ಲ.”

“ಟೈಮು ತಪ್ಪಲ್ಲ, ದಾರಿ ತಪ್ತಾರೆ. ತೆಲುಗು ಬರ್ತೈತಾ ಕೇಳು.”

ಹನ್ನೆರಡು ವರ್ಷ ಮೊಳಕಾಲ್ಮೂರಿನಲ್ಲಿದ್ದವನಿಗೆ ತೆಲುಗು ಬಾರದಿದ್ದದ್ದು ಹೇಗೆಂದು ಓದುಗರೂ ಕೇಳಬಹುದು. ಶಾಲೆಯ ಆವರಣದಲ್ಲಿ ಕನ್ನಡವಲ್ಲದೆ ಬೇರೆ ಮಾತು ಕೂಡದೆಂದು ನಿಯಮ ಮಾಡಿದವನು ನಾನೇ. ಮಕ್ಕಳು ಚೆನ್ನಾಗಿ ಪಾಲಿಸಿದರು. ಎಲ್ಲರಿಗೂ ಕನ್ನಡ ಬಂತು. ನನಗೆ ತೆಲುಗು ಬರಲಿಲ್ಲ. ಆದರೆ ಈ ಪ್ರವಾಸಕ್ಕೆಂದು ಇಪ್ಪತ್ತು ತೆಲುಗು ಮಾತುಗಳನ್ನು ಅಕಾರಾದಿಯಾಗಿ ಬರೆದುಕೊಂಡಿದ್ದೆ. ಪುಸ್ತಕ ತೆಗೆದು ವೆಂಕಟವ್ವನಿಗೆ ತೋರಿಸಿದೆ.

“ಇಪ್ಪತ್ತಾ?” ಎಂದಳು. “ನಮ್ಮ ಮನೆ ಎಮ್ಮೆಗೂ ಅಷ್ಟು ಗೊತ್ತು.”

ಗಡಿ

ಬೆಳಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ಸಂಜೀವಪ್ಪನ ತಮ್ಮ ಸೀರೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಅದನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಸೈಕಲ್ಲಿನ ಹಿಂದೆ ನಾಲ್ಕು ಗಂಟು ಹಾಕಿ ಬಿಗಿದೆ.

ಪರರಾಜ್ಯದ ಗಡಿಯಲ್ಲಿ ತಡೆದು ಕೇಳಿದರೆ ತೋರಿಸಲೆಂದು ಒಂದು ಗುರುತಿನ ಪತ್ರ ಸಿದ್ಧಮಾಡಿಕೊಂಡಿದ್ದೆ. ಈತ ಸದ್ಗೃಹಸ್ಥ, ಈತನ ನಡತೆ ಉತ್ತಮ ಎಂದು ಅದರಲ್ಲಿತ್ತು. ಬರೆದವನು ನಾನೇ, ಸಹಿ ಮಾಡಿದವನೂ ನಾನೇ; ಎಷ್ಟೆಂದರೂ ನನ್ನ ನಡತೆ ನನಗಿಂತ ಹೆಚ್ಚು ಯಾರಿಗೆ ಗೊತ್ತು? ಗಡಿಯಲ್ಲಿದ್ದದ್ದು ಒಂದು ಕಲ್ಲು, ಕಲ್ಲಿನ ಮೇಲೊಂದು ಓತಿಕ್ಯಾತ. ಇಳಿದು, ಪತ್ರ ಕೈಯಲ್ಲಿ ಹಿಡಿದು ಐದು ನಿಮಿಷ ಕಾದೆ. ಓತಿಕ್ಯಾತ ತಲೆಯಾಡಿಸಿತು. ಮುಂದೆ ಹೊರಟೆ.

ಇಂಗ್ಲಿಷರ ರಾಜ್ಯವನ್ನು ನಮ್ಮ ರಾಜ್ಯದೊಂದಿಗೆ ಹೋಲಿಸಿ ನೋಡುವುದು ಪ್ರವಾಸಿಯ ಧರ್ಮ. ಮಣ್ಣು ಹಾಗೆಯೇ ಇದೆ. ಜಾಲಿಯ ಮುಳ್ಳು ನಮ್ಮದಕ್ಕಿಂತ ಉದ್ದ. ನಮ್ಮ ನಾಯಿ ಸೈಕಲ್ಲನ್ನು ಕಂಡರೆ ಹಿಂದಿನ ಚಕ್ರಕ್ಕೆ ಬೊಗಳುತ್ತದೆ, ಅಲ್ಲಿಯದು ಮುಂದಿನ ಚಕ್ರಕ್ಕೆ. ಆಳ್ವಿಕೆಯ ವ್ಯತ್ಯಾಸ ಇದಕ್ಕಿಂತ ಹೆಚ್ಚು ನನ್ನ ಕಣ್ಣಿಗೆ ಬೀಳಲಿಲ್ಲ.

ರಾಯದುರ್ಗದ ಬೆಟ್ಟವನ್ನು ಎಡಕ್ಕೆ ಬಿಟ್ಟು ಹಗರಿಯ ಕಣಿವೆಗೆ ಇಳಿದೆ. ದಾರಿಯುದ್ದಕ್ಕೂ ಜನ ನನ್ನನ್ನು ಕಂಡು “ಉಂಡು! ಉಂಡು!” ಎಂದು ಕೈಯೆತ್ತಿ ಕೂಗುತ್ತಿದ್ದರು. ಗುರುತಿಲ್ಲದವನಿಗೂ ಉಂಡು ಹೋಗೆನ್ನುವ ಜನ! ನಾನು ಟೋಪಿ ಎತ್ತಿ, “ಇನ್ನೂ ಹೊತ್ತಾಗಿಲ್ಲ” ಎಂದು ಗಡಿಯಾರ ತೋರಿಸುತ್ತ ಸಾಗಿದೆ. ಕಡೆಯವನು ಕೂಗಿದ್ದು ಹಗರಿಯ ದಂಡೆಯಲ್ಲಿ, ಬಹಳ ಕಳಕಳಿಯಿಂದ. ಅವನಿಗೂ ಟೋಪಿ ಎತ್ತಿದೆ. ಮರುಗಳಿಗೆಯಲ್ಲಿ ದಾರಿ ಮುಗಿದು, ನಾನೂ ಸೈಕಲ್ಲೂ ಬೇರೆಬೇರೆಯಾಗಿ ಮರಳಿಗೆ ಬಿದ್ದೆವು. ನಾನು ಬಲಕ್ಕೆ ಬಿದ್ದೆ.

ಹೊಳೆಯಾಚೆಯ ಹಳ್ಳಿ

ಹಗರಿಯಲ್ಲಿ ಆಗ ನೀರಿಗಿಂತ ಮರಳೇ ಹೆಚ್ಚು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಆಚೆ ದಂಡೆ ಸೇರಿದೆ. ಹತ್ತುವುದಕ್ಕೂ ಹಿಂದಿನ ಚಕ್ರಕ್ಕೆ ಮುಳ್ಳು ಚುಚ್ಚುವುದಕ್ಕೂ ಸರಿಹೋಯಿತು. ಮುಳ್ಳು ಕಿತ್ತೆ, ತೂತಿಗೆ ರಬ್ಬರಿನ ತೇಪೆ ಅಂಟಿಸಿದೆ. ಗಾಳಿ ಹೊಡೆಯೋಣವೆಂದರೆ ಪಂಪಿಲ್ಲ! ಮರಳಿನಲ್ಲಿ ಬಿದ್ದಾಗ ಎಲ್ಲಿಯೋ ಹೂತುಹೋಗಿತ್ತು.

ಮದುವೆಯ ಊರು ಇನ್ನೂ ಎರಡು ಹರದಾರಿ. ಸೈಕಲ್ಲನ್ನು ತಳ್ಳಿಕೊಂಡು ಹತ್ತಿರದ ಹಳ್ಳಿಗೆ ಹೋದೆ. ಊರ ರೆಡ್ಡಿ ಚಾವಡಿಯಲ್ಲಿ ಕೂತಿದ್ದ. ದೊಡ್ಡ ಮೀಸೆ, ಮೃದುವಾದ ಮುಖ. ಸೈಕಲ್ಲಿನ ಕಡೆ ಕೈ ತೋರಿಸಿ, ಪರದೇಶದಲ್ಲಿ ಮಾತಾಡುವಾಗ ಎಲ್ಲರೂ ಮಾಡುವಂತೆ ಗಟ್ಟಿಯಾಗಿ ಹೇಳಿದೆ:

“ಸೈಕಲ್ ಪಂಪು!”

“ಪಂಪಾಲಾ?” ಎಂದ ರೆಡ್ಡಿ.

ಈ ಮೂಲೆಯ ಹಳ್ಳಿಯಲ್ಲಿ ಪಂಪಿನ ಹೆಸರು ತಿಳಿದವನೊಬ್ಬ ಇದ್ದಾನಲ್ಲ ಎಂದು ಬೆರಗಾಯಿತು. “ಪಂಪು, ಪಂಪು. ಬೇಗ!” ಎಂದೆ.

“ಎಕ್ಕಡಿಕಿ?”

ನನ್ನ ಎಕ್ಕಡವನ್ನು ನೋಡಿಕೊಂಡೆ. ಹೊಸ ಎಕ್ಕಡ, ದಪ್ಪ ಅಟ್ಟೆ. ಹೊಳೆಯಾಚೆಯ ಜನ ಹೊಸಬರ ಕಾಲನ್ನು ಮೊದಲು ನೋಡುತ್ತಾರೆಂದು ತೋರಿತು. ಎಲ್ಲಿ ಹೊಲಿಸಿದ್ದೆಂದು ಕೇಳುತ್ತಿದ್ದಾನೆಂದುಕೊಂಡು, “ಚಳ್ಳಕೆರೆ” ಎಂದೆ.

“ಚಳ್ಳಕೆರೆಕಾ?” ರೆಡ್ಡಿಯ ಹುಬ್ಬು ಮೇಲೇರಿತು.

“ಚಳ್ಳಕೆರೆಯೇ!” ಎಂದು ಕಾಲು ನೆಲಕ್ಕೆ ಅಪ್ಪಳಿಸಿ ಅದರ ಗಟ್ಟಿತನವನ್ನೂ ತೋರಿಸಿದೆ.

ರೆಡ್ಡಿ ಒಬ್ಬ ಆಳಿಗೆ ಏನೋ ಅಪ್ಪಣೆ ಮಾಡಿ, ನನಗೆ ಕೈಮುಗಿದು “ಉಂಡಂಡಿ” ಎಂದ. ಗಡಿಯಾರ ನೋಡಿದೆ. ಸರಿಯಾಗಿ ಹನ್ನೊಂದೂವರೆ! ಒಳಗೆ ಜೋಳದ ರೊಟ್ಟಿ, ಬದನೆಕಾಯಿ, ಮಜ್ಜಿಗೆ ಬಂತು. ಉಂಡೆ. ಅಷ್ಟರಲ್ಲಿ ಅವರು ಗಾಳಿ ಹೊಡೆದಿಡಲೆಂದು ಪಡಸಾಲೆಯಲ್ಲಿ ಇಪ್ಪತ್ತು ನಿಮಿಷ ಎಡಮಗ್ಗುಲಲ್ಲಿ ಮಲಗಿದೆ. ಎದ್ದು ಹೊರಗೆ ಬಂದರೆ ಸೈಕಲ್ಲಿಲ್ಲ. ಪೆಟ್ಟಿಗೆಯಿಲ್ಲ. ಸೀರೆಯಿಲ್ಲ.

“ಸೈಕಲ್ಲು ಎಲ್ಲಿ?” ಎಂದು ಕೂಗಿದೆ. ರೆಡ್ಡಿ ಹೊಳೆಯ ಕಡೆ ಕೈತೋರಿಸಿ, ಸತ್ಕಾರ ಪೂರೈಸಿದವನ ನಗೆ ನಕ್ಕು, “ಪಂಪೇಸಿನಾಮು ಸಾಮಿ” ಎಂದ.

ರೊಟ್ಟಿ ಬಡಿಸಿದ ಮುದುಕಿ ಆಗ ಹೊರಗೆ ಬಂದಳು. ನನ್ನ ಕೂಗಾಟ ಕೇಳಿ, “ಅಯ್ಯ, ನೀವು ಕನ್ನಡದೋರಾ! ನಂದು ತವರು ದೇವಸಮುದ್ರ ಕಣ್ರಿ” ಎಂದಳು. ನಡೆದದ್ದನ್ನು ಹೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಂಬ ಹಿಡಿದು ಕೂತಳು.

“ಯಾಕೆ ನಗುತ್ತೀಯಮ್ಮ?”

“ಪಂಪು ಅಂದ್ರೆ ಇವರ ಮಾತಿನಾಗೆ ಕಳ್ಸು ಅಂತ ಸ್ವಾಮಿ. ಸೈಕಲ್ ಕಳ್ಸು ಅಂದ್ರಿ. ಎಕ್ಕಡಿಕಿ ಅಂದ್ರೆ ಎಲ್ಲಿಗೆ ಅಂತ. ನೀವು ಚಳ್ಳಕೆರೆಗೆ ಅಂದ್ರಿ, ಕಾಲು ಬಡ್ದು ಬಡ್ದು ಅಂದ್ರಿ. ಪಾಪ, ನಮ್ ರೆಡ್ಡಿ ಚಳ್ಳಕೆರೆ ಗಾಡಿ ಹುಡುಕಿ ಹಾಕಿ ಕಳ್ಸವ್ರೆ.”

ತೋಪಿನಲ್ಲಿ ಕಂಬಳಿ ಮಾರಿ ಮುಗಿಸಿದ ಚಳ್ಳಕೆರೆಯ ಗಾಡಿಯೊಂದು ಊರಿಗೆ ಹೊರಟು ನಿಂತಿತ್ತಂತೆ. ಪಾರ್ವತಿಯ ಧಾರೆಯ ಸೀರೆ ಈಗ ಅದರಲ್ಲಿ ಕೂತು ನಮ್ಮ ಮನೆಗೆ ಹೋಗುತ್ತಿತ್ತು.

ಹಗರಿಯ ಮರಳು

“ಓಡ್ರಿ! ಹೊಳೆ ಇನ್ನೂ ದಾಟಿರಲ್ಲ” ಎಂದಳು ಮುದುಕಿ. “ಉಂಡು, ಉಂಡು ಅಂತ ಕೂಗ್ರಿ. ಅಂದ್ರೆ ನಿಲ್ಲು ಅಂತ.”

ಹಾಗಾದರೆ ಬೆಳಗಿನಿಂದ ದಾರಿಯ ಜನ ನನ್ನನ್ನು ಊಟಕ್ಕೆ ಕರೆದಿರಲಿಲ್ಲ. ಅದನ್ನು ಯೋಚಿಸುತ್ತ ನಿಲ್ಲಲು ಹೊತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಓಡಿದೆ. ಊಟವಾದ ಮೇಲೆ ಒಂದು ಗಂಟೆ ಓಡಕೂಡದೆಂದು ನಾನೇ ಎಷ್ಟು ಮಕ್ಕಳಿಗೆ ಹೇಳಿದ್ದೇನೋ!

ದಂಡೆಯ ಮೇಲಿಂದ ಗಾಡಿ ಕಂಡಿತು. ಮರಳಿನ ನಡುವೆ ನಿಧಾನವಾಗಿ ಹೋಗುತ್ತಿತ್ತು. ಸೈಕಲ್ಲಿನ ಮುಂದಿನ ಚಕ್ರ ಹಿಂದಿನಿಂದ ಹೊರಚಾಚಿ ಗಾಳಿಗೆ ತಿರುಗುತ್ತಿತ್ತು.

“ಉಂಡು! ಉಂಡು!” ಎಂದು ಗಂಟಲು ಹರಿಯುವಂತೆ ಕೂಗಿದೆ.

ಗಾಡಿಯವನು ತಿರುಗಿ ನೋಡಿ ಕೈಯೆತ್ತಿದ. “ಆತು ಸ್ವಾಮಿ, ನಂದೂ ಆತು! ರೊಟ್ಟಿ ಕಟ್ಕಂಡು ಬಂದಿದ್ದೆ!” ಎಂದು ಕೂಗಿ ಎತ್ತುಗಳ ಬೆನ್ನು ಚಪ್ಪರಿಸಿದ.

ಚಳ್ಳಕೆರೆಯ ಗಾಡಿಗೆ ಚಳ್ಳಕೆರೆಯವನೇ ಗಾಡಿಯವ. ಕನ್ನಡಿಗನನ್ನು ತೆಲುಗಿನಲ್ಲಿ ನಿಲ್ಲಿಸಲು ಹೋಗಿದ್ದೆ. ಆಗಲೂ ನನಗೆ ಬುದ್ಧಿ ಬರಲಿಲ್ಲ. ಅವನಿಗೆ ಸರಿಯಾಗಿ ಕೇಳಿಸಿಲ್ಲವೆಂದು ಇನ್ನೂ ಗಟ್ಟಿಯಾಗಿ “ಉಂಡು!” ಎಂದೆ. “ಹೊಟ್ಟೆ ತುಂಬ ಉಂಡೆ ಅಂದ್ನಲ್ಲ ಸ್ವಾಮಿ! ನಿಮ್ದಾತಾ?” ಎಂದು ಅವನು ಕೇಳಿದ. ಆಮೇಲೆ ಹೊಳೆದು, “ನಿಲ್ಲಿಸಪ್ಪಾ!” ಎಂದೆ. ನಿಲ್ಲಿಸಿದ.

ಅವನ ಹೆಸರು ಓಬಯ್ಯ. ನಾನು ಮರಳಿನಲ್ಲಿ ಬಿದ್ದೆದ್ದು ಗಾಡಿಯ ಹತ್ತಿರ ಹೋಗಿ, ಸೈಕಲ್ಲು ನನ್ನದು, ಕೊಡು ಎಂದೆ.

“ಹಂಗೆ ಕೊಡಾಕೆ ಬರಲ್ಲ” ಎಂದ. “ರೆಡ್ಡಿ ಹೇಳವ್ನೆ, ಯಾರೋ ದೊಡ್ಡ ಮನುಷ್ಯರದು, ಚಳ್ಳಕೆರೆಗೇ ಮುಟ್ಟಿಸ್ಬೇಕು ಅಂತ. ನೀವೇ ಅವರು ಅಂತ ಏನು ಗುರ್ತು?”

ಗುರುತು! ಜೇಬಿನಿಂದ ಪತ್ರ ತೆಗೆದು ಓದಿ ಹೇಳಿದೆ. ಸದ್ಗೃಹಸ್ಥ, ಉತ್ತಮ ನಡತೆ. ಓಬಯ್ಯ ನನ್ನ ಟೋಪಿಯಿಲ್ಲದ ತಲೆಯನ್ನೂ, ಎತ್ತಿ ಕಟ್ಟಿದ ಪಂಚೆಯನ್ನೂ, ಮೀಸೆಯಲ್ಲಿದ್ದ ಮರಳನ್ನೂ ನೋಡಿದ.

“ಈ ಕಾಗದ ಯಾರದೋ ಇರ್ಬೇಕು” ಎಂದ.

ಗಡಿಯಾರದಲ್ಲಿ ಎರಡು ಗಂಟೆ. “ಅಪ್ಪಾ, ಪೆಟ್ಟಿಗೆ ಬಿಚ್ಚಿ ನೋಡು. ಕೆಂಪು ಸೀರೆ. ಸೆರಗಿನಲ್ಲಿ ನವಿಲು. ಇವತ್ತು ಸಂಜೆ ಗೋಧೂಳಿಗೆ ಒಂದು ಹುಡುಗಿ ಅದನ್ನು ಉಟ್ಟು ಹಸೆಗೆ ಕೂರಬೇಕು. ನಾನು ಹನ್ನೆರಡು ನಿಮಿಷ ಹೆಚ್ಚು ಮಲಗಿಬಿಟ್ಟೆ” ಎಂದೆ. ಈ ಕಡೆಯ ಮಾತನ್ನು ಇಲ್ಲಿಯ ತನಕ ಓದುಗರಿಗೂ ಹೇಳಿರಲಿಲ್ಲ.

ಓಬಯ್ಯ ನಾಲ್ಕು ಗಂಟನ್ನೂ ಬಿಚ್ಚಿ ಮುಚ್ಚಳ ತೆರೆದ. ಬಿಳಿ ಬಟ್ಟೆ ಸರಿಸಿದ. ಬಿಸಿಲಿಗೆ ಸೀರೆ ಕೆಂಡದಂತೆ ಹೊಳೆಯಿತು. ಮುಟ್ಟಲು ಹೋದವನು ಕೈ ಒರೆಸಿಕೊಂಡು, ಆಮೇಲೂ ಮುಟ್ಟದೆ ಮುಚ್ಚಿದ.

“ಮಾವನ ಸೀರೆನಾ? ಮೊದ್ಲೇ ಹೇಳಾಕಾಗ್ದಾ? ಉಂಡ್ಯಾ ಉಂಡ್ಯಾ ಅಂತ ಕೇಳ್ತಾ ಕೂತ್ರಿ!” ಎಂದು ಗಾಡಿಯಿಂದ ಧುಮುಕಿ ಎತ್ತುಗಳ ಮೂಗುದಾಣ ಹಿಡಿದ. “ಹಿಂದ್ಲಿಂದ ತಳ್ಳ್ರಿ ಮತ್ತೆ. ಮರಳಿನಾಗೆ ಗಾಡಿ ತಿರುಗ್ಬೇಕು.”

ತಳ್ಳಿದೆ. ಗಾಡಿ ತಿರುಗಿತು. ಎಡಕ್ಕೇ ತಿರುಗಿತು, ಏನೂ ಕಷ್ಟವಿಲ್ಲದೆ.

ಮದುವೆಯ ಮನೆ

ದನಗಳು ಊರಿಗೆ ಬರುವ ಹೊತ್ತಿಗೆ ನಾವೂ ಅವುಗಳ ನಡುವೆಯೇ ಊರು ಹೊಕ್ಕೆವು. ಚಪ್ಪರದ ಬಾಗಿಲಲ್ಲಿ ಸಂಜೀವಪ್ಪ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ನಾನು ತಪ್ಪೊಪ್ಪಿಗೆಗೆ ಬಾಯಿ ತೆರೆದರೆ, “ಆಮ್ಯಾಲೆ ಮೇಷ್ಟ್ರೇ, ಎಲ್ಲಾ ಆಮ್ಯಾಲೆ” ಎಂದು ನನ್ನನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಎಳೆದುಕೊಂಡು ನಡುಮನೆಗೆ ನಡೆದ. “ಮಧ್ಯಾಹ್ನದಿಂದ ಕೋಣೆ ಬಿಟ್ಟು ಬಂದಿಲ್ಲ. ಮಾವನ ಸೀರೆ ಇಲ್ದೆ ಹಸೆಗೆ ಬರಲ್ಲ ಅಂತಾಳೆ. ಗಂಡಿನೋರ ಸೀರೆ ಉಟ್ಕಂಬುಡು ಅಂತ ಎಲ್ರೂ ಹೇಳಿ ಸಾಕಾತು. ಮೇಷ್ಟ್ರು ತರ್ತೀನಿ ಅಂದ ಮ್ಯಾಲೆ ತರ್ತಾರೆ ಅಂತ ಒಂದೇ ಹಟ.”

ಬಾಗಿಲು ಸ್ವಲ್ಪ ತೆರೆಯಿತು. ಅರಿಸಿನದ ಮುಖ. ಕಣ್ಣು ಊದಿದ್ದವು. ಪಾರ್ವತಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತುಟಿಯ ಮೂಲೆ ಅಲುಗಿತು.

“ಗಂಟೆ ಎಷ್ಟಾತು ಮೇಷ್ಟ್ರೇ?”

ಗಡಿಯಾರ ತೆಗೆದೆ. “ಐದು ಐವತ್ತು.”

“ಎಷ್ಟಕ್ಕೆ ಬರ್ತೀನಿ ಅಂದಿದ್ರಿ?”

“ಒಂದಕ್ಕೆ.”

“ಕ್ಲಾಸಿಗೆ ತಡವಾಗಿ ಬಂದೋರನ್ನ ನೀವು ಏನ್ ಮಾಡ್ತಿದ್ರಿ?”

“ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ.”

“ಹಂಗಾದ್ರೆ ನಿಂತ್ಕಳ್ರಿ. ಕೈ ಕಟ್ಕಂಡು. ನಾನು ಉಟ್ಕಂಡು ಬರೋ ತನಕ ಅಲ್ಲಾಡ್ಬಾರ್ದು.”

ಬಾಗಿಲು ಮುಚ್ಚಿತು. ನಾನು ಕೈಕಟ್ಟಿ ನಿಂತೆ. ಗಂಡಿನ ಕಡೆಯವರೊಬ್ಬರು ಬಂದು ತೆಲುಗಿನಲ್ಲಿ ಏನೋ ಕೇಳಿದರು. ಮಾತಾಡಿದರೆ ಇನ್ನೇನನ್ನು ಎಲ್ಲಿಗೆ ಕಳಿಸುತ್ತಾರೋ ಎಂದು ಸುಮ್ಮನಿದ್ದೆ. ಒಳಗೆ ಹೆಂಗಸರ ನಗು, ಬಳೆಯ ಸದ್ದು, ಯಾರೋ ನೆರಿಗೆ ಹಿಡಿದು ಎಣಿಸುವ ಸದ್ದು. ಪುರೋಹಿತರು ಎರಡು ಸಲ ಕರೆದರು.

ಬಾಗಿಲು ತೆರೆದಾಗ ಮೊದಲು ಬಂದದ್ದು ಸೀರೆಯ ಕೆಂಪು, ಆಮೇಲೆ ಹುಡುಗಿ. ಸಂಜೀವಪ್ಪ ಕಣ್ಣೊರೆಸಿಕೊಂಡ. ಅವಳು ನನ್ನೆದುರು ಒಂದು ಗಳಿಗೆ ನಿಂತು, ಹಸೆಯ ಕಡೆ ಕೈ ತೋರಿಸಿ,

“ಬರ್ರಿ ಒಳಗೆ. ಹೋಗಿ ಕೂತ್ಕಳ್ರಿ, ಗಲಾಟೆ ಮಾಡ್ಬಾರ್ದು” ಎಂದಳು.

ನಾನು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಗಲಾಟೆ ಮಾಡಲಿಲ್ಲ.